ಕುದಿನೀರಿನ ಇಂಗ್ಲಿಷ್

ಎಲ್ಲಕ್ಕೂ ಕಾರಣ ಒಂದು ಬಿರಡೆ. ಥರ್ಮಾಸ್ ಫ್ಲಾಸ್ಕಿನ ಬಾಯಿಗೆ ಒತ್ತುವ, ಎರಡು ಬೆರಳು ದಪ್ಪದ, ಕಾಸಿಗೆ ಬಾಳದ ಬಿರಡೆ.

ಚೀನಾದ ಲಿಯುಪಿಂಗ್ ಎಂಬ ಊರಿನ ಎರಡನೇ ಪ್ರೌಢಶಾಲೆಯ ಬಾಯ್ಲರ್ ಕೋಣೆಯ ಗೆಂಗ್ ಬಾವ್‌ಷಾನ್ ದಿನಕ್ಕೆ ಅರವತ್ತು ಫ್ಲಾಸ್ಕಿಗೆ ಕುದಿನೀರು ತುಂಬುತ್ತಿದ್ದ, ಅರವತ್ತು ಬಿರಡೆ ಒತ್ತುತ್ತಿದ್ದ. ಎಂಟು ವರ್ಷದಲ್ಲಿ ಒಂದೇ ಒಂದು ಬಿರಡೆಯೂ ಅವನಿಗೆ ಎದುರಾಡಿರಲಿಲ್ಲ. ಆ ದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅವನು ಧ್ವನಿವರ್ಧಕದ ಕೋಣೆಗೆ ಹೋಗಿ, ಮೇಜಿನ ಮೇಲೆ ಫ್ಲಾಸ್ಕ್ ಇಟ್ಟು, ಬಿರಡೆಯನ್ನು ಒಂದು ಗುದ್ದು ಗುದ್ದಿ ತಿರುಗಿದನಷ್ಟೆ. ಹಿಂದಿನಿಂದ 'ಟಪ್' ಎಂದಿತು. ಬಿರಡೆ ಸೂರಿಗೆ ಬಡಿಯಿತು. ಫ್ಲಾಸ್ಕ್ ಒಂದು ಸಲ ಕುಡುಕನಂತೆ ತೂಗಾಡಿ, ಪಕ್ಕದಲ್ಲಿದ್ದ ಸಿ.ಡಿ. ಯಂತ್ರದ ಹೆಗಲ ಮೇಲೆ ತಲೆಯಿಟ್ಟು ಮಲಗಿತು. ಅದರ ಹೊಟ್ಟೆಯಲ್ಲಿದ್ದುದೆಲ್ಲ ಯಂತ್ರದ ಹೊಟ್ಟೆಗೆ ಇಳಿಯಿತು. ಯಂತ್ರ ಕಿಡಿ ಕಾರಿ, ಹೊಗೆ ಬಿಟ್ಟು, ಕಣ್ಣು ಮುಚ್ಚಿತು.

ಬೇರೆ ದಿನವಾಗಿದ್ದರೆ ಬೈಗುಳದಲ್ಲೇ ಮುಗಿಯುತ್ತಿತ್ತು. ಅಂದು ತಾಲೂಕಿನ ಹನ್ನೊಂದು ಶಾಲೆಗಳಿಗೂ ಕೊನೆಯ ವರ್ಷದವರ ಅಣಕು ಪರೀಕ್ಷೆ. ಮೂರು ಗಂಟೆಗೆ ಇಂಗ್ಲಿಷ್. ಮೊದಲ ಇಪ್ಪತ್ತು ನಿಮಿಷ ಕೇಳುವ ಭಾಗ: ಗೋಡೆಯ ಸ್ಪೀಕರಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮಾತಾಡುತ್ತಾರೆ, ಮಕ್ಕಳು ಕೇಳಿ ಉತ್ತರ ಗುರುತು ಮಾಡಬೇಕು. ಆ ಗಂಡಸೂ ಹೆಂಗಸೂ ಇದ್ದ ಸಿ.ಡಿ. ಈಗ ಸತ್ತ ಯಂತ್ರದೊಳಗೆ ಸಿಕ್ಕಿಬಿದ್ದಿತ್ತು.

ಅದೂ ಹೋಗಲಿ ಎಂದರೆ, ಆ ಪರೀಕ್ಷೆಗೆ ಕೂರಬೇಕಿದ್ದ ಶಾಲೆಯ ಆರುನೂರ ಹನ್ನೆರಡು ಮಕ್ಕಳಲ್ಲಿ ಗೆಂಗನ ಮಗ ಷುವೊನೂ ಒಬ್ಬ. ಕಾಲೇಜು ಪ್ರವೇಶ ಪರೀಕ್ಷೆಗೆ ಮುಂಚಿನ ಕೊನೆಯ ನಲವತ್ತು ದಿನಕ್ಕೆಂದು ಆಯ್ದ ನಲವತ್ತು ಮಕ್ಕಳ ತರಗತಿಯೊಂದನ್ನು ಶಾಲೆ ಮಾಡುತ್ತಿತ್ತು. ಅದಕ್ಕೆ ಪಾಠ ಹೇಳಲು, ನಿವೃತ್ತರಾಗಿ ಮೀನು ಹಿಡಿಯುತ್ತ ಕೂತಿದ್ದ ವೆನ್ ಮೇಷ್ಟ್ರನ್ನು ಕೆರೆಯಿಂದ ಎಬ್ಬಿಸಿ ತಂದಿದ್ದರು. ಆ ತರಗತಿಗೆ ಹೋದವರು ಕಾಲೇಜಿಗೆ ಹೋದಂತೆಯೇ. ಉಳಿದ ವಿಷಯಗಳಲ್ಲಿ ಷುವೊ ಗಡಿ ದಾಟಿಯಾಗಿತ್ತು. ಇಂಗ್ಲಿಷಿನಲ್ಲೂ ಓದುವ ಭಾಗದಲ್ಲಿ ಅವನು ಕುದುರೆ. ಕೇಳುವ ಭಾಗದಲ್ಲಿ ಮಾತ್ರ ಕಂಬ. ಹಿಂದಿನ ಮೂರು ಪರೀಕ್ಷೆಗಳಲ್ಲಿ ಮೂವತ್ತಕ್ಕೆ ಒಂಬತ್ತು, ಹನ್ನೊಂದು, ಎಂಟು. "ಇಪ್ಪತ್ತು ತರ್ಲಿ, ಸೀಟು ಅವನದ್ದೇ" ಎಂದಿದ್ದರು ವೆನ್ ಮೇಷ್ಟ್ರು. ಪಟ್ಟಿ ಅಂಟಿಸುವುದು ಅಂದೇ ಸಂಜೆ.

ಹೊಗೆಯ ವಾಸನೆಗೆ ಮೊದಲು ಬಂದವನು ಗೇಟಿನ ಕಾವಲುಗಾರ ಮುದುಕ ಫೆಂಗ್. ಅವನಿಗೆ ಜಗತ್ತಿನಲ್ಲಿ ಬಾರದ ಕೆಲಸವಿರಲಿಲ್ಲ. ಮುಗಿಸಿದ ಕೆಲಸವೂ ಇರಲಿಲ್ಲ.

"ಒಳಗಿರೋ ತಟ್ಟೆ ತೆಗೆದ್ರಾಯ್ತು, ಕ್ಯಾಂಟೀನಲ್ಲಿ ಇನ್ನೊಂದು ಯಂತ್ರ ಇದೆ. ಸರಿ ಆ ಕಡೆಗೆ" ಎಂದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಫೆಂಗಣ್ಣಾ, ಹುಷಾರು."

"ನಲವತ್ತು ವರ್ಷದಿಂದ ಬೀಗ ತೆಗೀತಿದೀನಿ ಕಣಯ್ಯಾ, ಇದೇನು ಮಹಾ."

ಸ್ಕ್ರೂಡ್ರೈವರ್ ಒಳಗೆ ಹೋಯಿತು. 'ಪಟ್' ಎಂದಿತು. ಸಿ.ಡಿ. ಹೊರಗೆ ಬಂತು. ಎರಡು ಸಲ ಬಂತು, ಒಂದೊಂದು ಸಲಕ್ಕೆ ಅರ್ಧರ್ಧ.

ಹೆಡ್‌ಮಾಸ್ಟರ್ ಕುವಾಂಗ್ ಓಡಿಬಂದಾಗ ಇಬ್ಬರೂ ಒಂದೊಂದು ಚೂರು ಹಿಡಿದು, ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರಂತೆ ನಿಂತಿದ್ದರು. ಕುವಾಂಗರ ಬೋಳು ತಲೆ ಕೆಂಪಾಗುತ್ತ ಹೋಯಿತು. ತಾಲೂಕು ಕಚೇರಿಗೆ ಫೋನು ಮಾಡಿದರು. ಆ ಕಡೆಯ ಧ್ವನಿ ಕೋಣೆಗೆಲ್ಲ ಕೇಳಿಸಿತು.

"ಮೂರು ಗಂಟೆ ಅಂದ್ರೆ ಮೂರು ಗಂಟೆ. ನಿಮಗೋಸ್ಕರ ಹತ್ತು ಶಾಲೆ ಕಾಯಕ್ಕಾಗುತ್ತೇನ್ರಿ? ಯಂತ್ರ ಕೆಟ್ರೆ ಯಾರಾದ್ರೂ ಮೈಕಲ್ಲಿ ಗಟ್ಟಿಯಾಗಿ ಓದ್ಬಹುದು, ನಿಯಮದಲ್ಲೇ ಇದೆ. ಓದೋ ಹಾಳೆ ಮೊಹರು ಹಾಕಿದ ಲಕೋಟೇಲಿದೆ, ಒಡೀರಿ."

"ಓದೋರು ಯಾರು ಸಾರ್? ಇಂಗ್ಲಿಷ್ ಮೇಷ್ಟ್ರುಗಳನ್ನೆಲ್ಲ ಬೆಳಿಗ್ಗೆ ನೀವೇ ಬಸ್ಸಿಗೆ ತುಂಬ್ಕೊಂಡು ಹೋದ್ರಲ್ಲ, ಉತ್ತರಪತ್ರಿಕೆ ತಿದ್ದೋಕೆ ಅಂತ!"

"ಅವರ ಫೋನು ಇಸ್ಕೊಂಡು, ಕೋಣೆಗೆ ಬೀಗ ಹಾಕಿಯಾಯ್ತು. ನಿಮ್ಮ ಶಾಲೆ, ನಿಮ್ಮ ತಾಪತ್ರಯ." ಫೋನು ಕಟ್ಟಾಯಿತು.

ಕುವಾಂಗ್ ನಿಧಾನವಾಗಿ ಗೆಂಗನ ಕಡೆ ತಿರುಗಿದರು. ಫೆಂಗನೂ ತಿರುಗಿದ. ಗೆಂಗನಿಗೆ ತಾನು ಎಂಟು ವರ್ಷ ಆಡಿದ ಮಾತೆಲ್ಲ ಒಟ್ಟಿಗೆ ಕಿವಿಯಲ್ಲಿ ಮೊಳಗಿತು. ಜಾಂಬಿಯಾದಲ್ಲಿ ಆರು ವರ್ಷ ರಸ್ತೆ ಮಾಡಿದವನು ಅವನು. ನೀರು ತುಂಬಿಸಿಕೊಳ್ಳಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ: ಅಲ್ಲಿ ಮೇಸ್ತ್ರಿಗೂ ಇಂಗ್ಲಿಷ್, ಪೊಲೀಸಿಗೂ ಇಂಗ್ಲಿಷ್, ಟೊಮೆಟೊ ಮಾರುವವಳಿಗೂ ಇಂಗ್ಲಿಷ್, ಇಲ್ಲಿನ ಮೇಷ್ಟ್ರುಗಳದ್ದು ಏನು ಇಂಗ್ಲಿಷು, ತಣ್ಣೀರು!

"ಗೆಂಗ್," ಎಂದರು ಕುವಾಂಗ್, "ನಿನ್ನ ಬಿಸಿನೀರು ತಗೊಂಡು ಬಾ."

ಒಪ್ಪದೆ ಹೋದರೆ ಯಂತ್ರ ಹಾಳು ಮಾಡಿದ ತಪ್ಪು ತಲೆಯ ಮೇಲೆ. ಒಪ್ಪಿದರೆ ಅವನ ಇಂಗ್ಲಿಷು ಊರಿಗೆಲ್ಲ ಕೇಳುತ್ತದೆ. ಆದರೆ ಗೆಂಗ್ ಹೆದರುವ ಜಾತಿಯಲ್ಲ. "ಇದೇನು ಸಾರ್, ಅಲ್ಲಿ ಮಂತ್ರಿ ಬಂದಾಗ ಮಾತಾಡಿದವನು ನಾನು" ಎಂದು ಎದೆಯುಬ್ಬಿಸಿ ಲಕೋಟೆಯಿಂದ ಹಾಳೆ ತೆಗೆದ. ನೋಡಿದ. ಸಾಮಾನು ಹೊತ್ತ ಇರುವೆಗಳು ಸಾಲಾಗಿ ಹೊಳೆ ದಾಟುತ್ತಿರುವಂತೆ ಕಂಡಿತು. ಜಾಂಬಿಯಾದಲ್ಲಿ ಅವನು ಆರು ವರ್ಷ ಇಂಗ್ಲಿಷ್ ಆಡಿದ್ದು ನಿಜ, ಕೇಳಿದ್ದು ನಿಜ. ಓದುವ ಪ್ರಸಂಗ ಮಾತ್ರ ಒಂದು ದಿನವೂ ಬಂದಿರಲಿಲ್ಲ.

"ಕನ್ನಡಕ ಮನೇಲಿ ಬಿಟ್ಟೆ" ಎಂದ.

"ನೀನು ಕನ್ನಡಕ ಹಾಕಿದ್ದು ಯಾವಾಗ?" ಎಂದ ಫೆಂಗ್.

ಬಾಗಿಲಲ್ಲಿ ರಸಾಯನಶಾಸ್ತ್ರದ ಟೋಂಗ್ ಟೀಚರು ಇಣುಕುತ್ತಿದ್ದರು. ಇಪ್ಪತ್ತಾರು ವರ್ಷದ ಹುಡುಗಿ. ಗೋಡೆಯ ಜೊತೆಗೂ ನಾಚಿಕೊಂಡು ಮಾತಾಡುವವರು. ಹಾಳೆ ಇಸಿದುಕೊಂಡು ಒಂದು ಗುಟುಕಿನಲ್ಲಿ ಕುಡಿದಂತೆ ಓದಿ, "ಸುಲಭ ಇದೆ" ಎಂದು ಪಿಸುಗುಟ್ಟಿದರು.

ಕುವಾಂಗರ ಮುಖ ಅರಳಿತು. "ಅಮ್ಮಾ, ಮತ್ತೆ ನೀವೇ ಓದಿಬಿಡಿ!"

"ಅಯ್ಯೋ, ನನ್ನ ಕೈಲಾಗಲ್ಲ ಸಾರ್. ಕಾಲೇಜಲ್ಲಿ ನಾನು ಕಲ್ತಿದ್ದು ಬರೀ ಕಣ್ಣಲ್ಲಿ. ಹತ್ತು ವರ್ಷದಲ್ಲಿ ಒಂದು ಇಂಗ್ಲಿಷ್ ಪದಾನೂ ಬಾಯಿಬಿಟ್ಟು ಆಡಿಲ್ಲ. ಮೈಕ್ ಮುಂದೆ ನಿಂತ್ರೆ ಅಲ್ಲೇ ಬಿದ್ದೋಗ್ತೀನಿ."

ಹೀಗೆ ಓದಬಲ್ಲವರಿಗೆ ಬಾಯಿಲ್ಲ, ಬಾಯಿದ್ದವನಿಗೆ ಓದು ಬಾರದು. ಗಡಿಯಾರ ಎರಡು ಮೂವತ್ತೈದು ತೋರಿಸುತ್ತಿತ್ತು.

ಆಗ ದಾರಿ ಹೊಳೆದದ್ದು ಗೆಂಗನಿಗೇ. ಚೀನಾದ ಮಕ್ಕಳೆಲ್ಲ ಒಂದನೇ ಪಾಠದಿಂದಲೂ ಕದ್ದು ಮಾಡುವ ಕೆಲಸ ಒಂದಿದೆ: ಇಂಗ್ಲಿಷ್ ಪದದ ನೆತ್ತಿಯ ಮೇಲೆ ಹೆಚ್ಚುಕಡಿಮೆ ಅದೇ ಸದ್ದಿನ ಚೀನೀ ಅಕ್ಷರಗಳನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳುವುದು. ಮೇಷ್ಟ್ರು ಕಂಡರೆ ಅಂಗೈ ಉರಿಯುವಂತೆ ಬೀಳುತ್ತದೆ. ಆದರೂ ಯಾರೂ ಬಿಡುವುದಿಲ್ಲ.

"ಟೀಚರಮ್ಮಾ, ನೀವು ನನ್ನ ಕಿವೀಲಿ ಹೇಳಿ. ಫೆಂಗಣ್ಣ ನಮ್ಮ ಅಕ್ಷರದಲ್ಲಿ ಬರೀಲಿ. ನಾನು ಓದ್ತೀನಿ. ಇಂಗ್ಲಿಷು ತಾನಾಗೇ ಬರುತ್ತೆ."

ಕುವಾಂಗ್ ಒಂದು ಕ್ಷಣ ಯೋಚಿಸಿದರು. ಹಾಗೆ ಬರೆದವರಿಗೆಲ್ಲ ಮೂವತ್ತು ವರ್ಷ ಬೆತ್ತದ ರುಚಿ ತೋರಿಸಿದ್ದವರು ಅವರು. "ಬರೀ ಫೆಂಗ್, ಬೇಗ ಬರೀ" ಎಂದರು.

ಫೆಂಗನಿಗೆ ಪೆನ್ನು ಒಗ್ಗದು. ಹಬ್ಬಕ್ಕೆ ಬಾಗಿಲ ಮೇಲೆ ಬರೆಯುವ ಕುಂಚವನ್ನೂ ಮಸಿಯನ್ನೂ ತಂದು, ಅಂಗಿಯ ತೋಳು ಮಡಚಿ ಕೂತ. ಟೋಂಗ್ ಟೀಚರು ಪಿಸುಗುಟ್ಟಿದರು, ಗೆಂಗ್ ಅದನ್ನು ಗಟ್ಟಿಯಾಗಿ ಹೇಳಿದ, ಫೆಂಗ್ ಬರೆದ. ಮೂರು ಪದಕ್ಕೊಮ್ಮೆ ಅಕ್ಷರದ ಅಂದ ನೋಡಲು ತಲೆ ಓರೆ ಮಾಡುತ್ತಿದ್ದ.

"ಅಣ್ಣಾ, ಇದು ಮದುವೆ ಪತ್ರಿಕೆ ಅಲ್ಲ!"

"ಬರೆಯೋದು ಬರೆದ್ರೆ ಮರ್ಯಾದೆಯಾಗಿ ಬರೀಬೇಕು. ನಾಳೆ ಯಾರಾದ್ರೂ ನೋಡಿ ಫೆಂಗನ ಕೈ ಕೆಟ್ಟೋಯ್ತು ಅಂದ್ರೆ?"

ಇಷ್ಟರಲ್ಲಿ ಕುವಾಂಗ್ ಇನ್ನೊಂದು ಸಂಕಟ ಕಂಡುಹಿಡಿದರು. "ಹೆಂಗಸಿನ ಮಾತು ಯಾರು ಆಡೋದು? 'ಹೆಂಗಸಿಗೆ ಏನು ಬೇಕು' ಅಂತ ಪ್ರಶ್ನೆ ಇರುತ್ತೆ. ಎರಡೂ ನೀನೇ ಆಡಿದ್ರೆ ಮಕ್ಕಳಿಗೆ ಯಾರು ಗಂಡ ಯಾರು ಹೆಂಡ್ತಿ ಗೊತ್ತಾಗಲ್ಲ."

ಕ್ಯಾಂಟೀನಿನ ಹೌ ಅತ್ತೆಯನ್ನು ಎಳೆದುತಂದರು. "ಬಟ್ಟಲು ನೆಟ್ಟಗೆ ಹಿಡಿಯೋ!" ಎಂದು ಅವಳು ಅಡಿಗೆಮನೆಯಲ್ಲಿ ಕೂಗಿದರೆ ಆಟದ ಬಯಲಿನಲ್ಲಿ ಚೆಂಡು ನಿಲ್ಲುತ್ತಿತ್ತು. ಕೈಯಲ್ಲಿ ಸೌಟು ಹಿಡಿದೇ ಬಂದಳು.

"ನಂಗೆ ಇಂಗ್ಲಿಷಾ? ಬಿಸಿಲಿಗೆ ತಲೆ ಕೆಟ್ಟಿದ್ಯಾ ನಿಮಗೆ?"

"ಅಕ್ಷರ ನಮ್ದೇ ಅತ್ತೆ. ಇಲ್ಲಿಂದ ಇಲ್ಲಿಗೆ ನೀನು. ಉಳಿದದ್ದು ನಾನು."

"ನಾನು ಇದರಲ್ಲಿ ಯಾರು?"

ಟೋಂಗ್ ಟೀಚರು ಹಾಳೆ ನೋಡಿ, "ಮೂರನೇ ಸಂಭಾಷಣೇಲಿ ನೀವು ಹೆಂಡ್ತಿ. ಗಂಡ ರೈಲು ಟಿಕೆಟ್ ತಗೊಳ್ಳೋದು ಮರೆತಿದಾನೆ" ಎಂದರು.

ಹೌ ಅತ್ತೆಯ ಹುಬ್ಬು ಮೇಲೇರಿತು. "ಮರೆತ್ನಾ? ಗಂಡಸರ ಬುದ್ಧಿ! ಕೊಡಿ ಇಲ್ಲಿ."

ಮೂರು ಗಂಟೆ ಹೊಡೆಯಿತು. ಕುವಾಂಗ್ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು. ಗೆಂಗನಿಗೆ ಮೂರನೇ ಮಹಡಿಯ ಕಿಟಕಿ ಕಣ್ಣ ಮುಂದೆ ಬಂತು, ಅಲ್ಲಿ ತಲೆ ತಗ್ಗಿಸಿ ಕೂತ ಮಗ ಬಂದ, ಇಪ್ಪತ್ತು ಎಂಬ ಅಂಕಿ ಬಂತು. ಗಂಟಲು ಸರಿಮಾಡಿಕೊಂಡ. ಆ ಸದ್ದೂ ಮೂವತ್ತು ತರಗತಿಗಳಿಗೆ ಹೋಯಿತು.

ಆಮೇಲೆ ಗೆಂಗ್ ಇಂಗ್ಲಿಷಿನ ಮೇಲೆ ಬುಲ್ಡೋಜರ್ ಹತ್ತಿಸಿದ. ಅವನ ಬಾಯಲ್ಲಿ ಒಂದೊಂದು ಪದವೂ ಮಟ್ಟಸವಾಗಿ, ಹಳ್ಳದಿಣ್ಣೆಯಿಲ್ಲದೆ, ಜಲ್ಲಿ ಹಾಕಿ ಕೂರಿಸಿದ ರಸ್ತೆಯಂತೆ ಹೊರಗೆ ಬಂತು. ಎರಡು ಪದಗಳ ನಡುವೆ ಲಾರಿ ಹೋಗುವಷ್ಟು ಜಾಗ. ಮೊದಲ ಎರಡು ಸಂಭಾಷಣೆ ಹೀಗೇ ಸುಗಮವಾಗಿ ಸಾಗಿದವು. ಮೂರನೆಯದಕ್ಕೆ ಹೌ ಅತ್ತೆ ಬಂದಳು. ತಾನು ಆಡುತ್ತಿರುವುದರ ಅರ್ಥ ಅವಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಗಂಡ ಟಿಕೆಟ್ ಮರೆತದ್ದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅಷ್ಟು ಸಾಕಾಯಿತು. ಮೊದಲ ವಾಕ್ಯಕ್ಕೇ ಮೇಜು ಕುಟ್ಟಿದಳು. ಎರಡನೆಯದಕ್ಕೆ ಸೌಟು ಎತ್ತಿದಳು. ಗೆಂಗ್ ಗಂಡನ ಉತ್ತರವನ್ನು ಗೋಡೆಗೆ ಒರಗಿಕೊಂಡು, ನಿಜವಾಗಿಯೂ ನಡುಗುತ್ತ ಓದಿದ.

ನಿಯಮದಂತೆ ಪ್ರತಿಯೊಂದನ್ನೂ ಎರಡು ಸಲ ಓದಬೇಕು. ಕುವಾಂಗ್ ಬೆರಳು ತೋರಿಸಿ 'ಇನ್ನೊಮ್ಮೆ' ಎಂದು ಸನ್ನೆ ಮಾಡಿದರು.

"ಇನ್ನೊಂದ್ಸಲ ಹೇಳ್ಬೇಕಾ ಇವನಿಗೆ?" ಎಂದಳು ಹೌ ಅತ್ತೆ ಮೈಕಿನಲ್ಲೇ. "ಇಪ್ಪತ್ತೆರಡು ವರ್ಷದಿಂದ ನಮ್ಮನೇಲಿ ಹೇಳ್ತಾನೇ ಇದೀನಿ!"

ಕುವಾಂಗ್ ಅವಳ ಬಾಯಿ ಮುಚ್ಚಲು ಹೋಗಿ ಸೌಟಿನ ಏಟು ತಿಂದರು.

ಕೊನೆಯ ಭಾಗ ಗೆಂಗನೊಬ್ಬನದು, ಪಕ್ಷಿಧಾಮದ ಬಗ್ಗೆ ದೊಡ್ಡ ಭಾಷಣ. ಕೊನೆಯ ಹಾಳೆಯಲ್ಲಿ ಫೆಂಗನ ಮಸಿ ಆರಿರಲಿಲ್ಲ. ಆರಿಸಲೆಂದು ಅವನು ಹಾಳೆಯನ್ನು ಕಿಟಕಿಗೆ ಹಿಡಿದದ್ದೇ ತಡ, ಗಾಳಿ ಬಂದು ಅದನ್ನು ಇಸಿದುಕೊಂಡಿತು. ಹಾಳೆ ಆಟದ ಬಯಲಿನ ಮೇಲೆ ಕೊಕ್ಕರೆಯಂತೆ ತೇಲಿಹೋಯಿತು. ಇನ್ನೂ ಎರಡು ವಾಕ್ಯ ಬಾಕಿ. ಗೆಂಗ್ ಬಾಯಿ ತೆರೆದೇ ನಿಂತ. ಐದು ಸೆಕೆಂಡು. ಹತ್ತು ಸೆಕೆಂಡು.

ಯಾರೋ ಅವನನ್ನು ಪಕ್ಕಕ್ಕೆ ತಳ್ಳಿದರು. ಟೋಂಗ್ ಟೀಚರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮೈಕನ್ನು ಮುಳುಗುವವರು ಹಗ್ಗ ಹಿಡಿದಂತೆ ಹಿಡಿದು, ಎರಡೂ ವಾಕ್ಯಗಳನ್ನು ನೆನಪಿನಿಂದ ಗಟ್ಟಿಯಾಗಿ ಹೇಳಿಬಿಟ್ಟರು. ಎರಡು ಸಲ. ಆಮೇಲೆ ಹೇಳಿದ ಮಾತಿನಂತೆ ಅಲ್ಲೇ ಬಿದ್ದರು. ಗೆಂಗ್ ಬಾಯ್ಲರ್ ಕೋಣೆಯಿಂದ ಬಿಸಿನೀರು ತಂದು ಕುಡಿಸಿ ಎಬ್ಬಿಸಿದ.

ಸಂಜೆ ಐದೂವರೆಗೆ ಗುರುತು ಹಾಕಿದ ಉತ್ತರದ ಕಾರ್ಡುಗಳು ಕಚೇರಿಯ ಯಂತ್ರದಲ್ಲಿ ಓಡಿ, ಅಂಕಗಳು ತಾಲೂಕಿಗೆ ಹೋದವು. ಆರೂವರೆಗೆ ತಾಲೂಕಿನಿಂದ ಜೀಪು ಬಂತು. ಇಳಿದವರು ಪರೀಕ್ಷಾಧಿಕಾರಿ ಲೂ: ಸಣಕಲು ದೇಹ, ಕಂಕುಳಲ್ಲಿ ದಪ್ಪ ನಿಯಮಾವಳಿ, ನಗುವಿಗೆ ರಜೆ ಕೊಟ್ಟ ಮುಖ.

"ಕೇಳುವ ಭಾಗದಲ್ಲಿ ತಾಲೂಕಿನ ಸರಾಸರಿ ಹದಿನೇಳು. ನಿಮ್ಮ ಶಾಲೇದು ಇಪ್ಪತ್ತಾರು. ಹೋದ ಸಲ ನೀವು ಹನ್ನೊಂದರಲ್ಲಿ ಹನ್ನೊಂದನೇ ಶಾಲೆ. ಏನು ಸಮಾಚಾರ ಕುವಾಂಗ್ ಅವರೇ?"

ಕುವಾಂಗ್ ಬೆವರು ಒರೆಸಿಕೊಂಡರು. ಲೂ ಕಾರಿಡಾರಿನಲ್ಲಿ ಹೋಗುತ್ತಿದ್ದ ನಾಲ್ಕು ಮಕ್ಕಳನ್ನು ನಿಲ್ಲಿಸಿ ತಾವೇ ವಿಚಾರಿಸಿದರು.

"ಸಾರ್, ಇಷ್ಟು ಸ್ಪಷ್ಟವಾದ ಇಂಗ್ಲಿಷ್ ನಾವು ಹುಟ್ಟಿದಾಗಿಂದ ಕೇಳಿಲ್ಲ," ಎಂದಳು ಒಬ್ಬಳು. "ಆ ಸಿ.ಡಿ.ಯವರು ಬಾಯಲ್ಲಿ ಅನ್ನ ಇಟ್ಕೊಂಡು ಮಾತಾಡ್ತಾರೆ. ಇವರು ನಮ್ಮ ಪುಸ್ತಕದ ಅಂಚಲ್ಲಿ ಬರ್ಕೊಂಡಿರೋ ಹಾಗೇ ಮಾತಾಡಿದ್ರು!"

"ಹದಿಮೂರನೇ ಪ್ರಶ್ನೆ, 'ಹೆಂಗಸಿನ ಮನಸ್ಥಿತಿ ಹೇಗಿದೆ' ಅಂತ ಇತ್ತು ಸಾರ್," ಎಂದ ಇನ್ನೊಬ್ಬ. "ಅದಕ್ಕೆ ಇಂಗ್ಲಿಷೇ ಬೇಕಾಗಿರ್ಲಿಲ್ಲ."

ಲೂ ನಿಯಮಾವಳಿ ತಿರುವಿದರು. ಯಂತ್ರ ಕೆಟ್ಟರೆ ಬಾಯಲ್ಲಿ ಓದಬಹುದು. ಓದುವವನ ಉಚ್ಚಾರ ಹೀಗೇ ಇರಬೇಕೆಂದು ಎಲ್ಲೂ ಇಲ್ಲ. ಎರಡು ಸಲ ಹುಡುಕಿದರು. ಇಲ್ಲ. ನಿಧಾನವಾಗಿ ಅವರ ಮುಖದ ಮೇಲೆ ನಗುವಿನಂಥದ್ದೊಂದು ಮೂಡಿತು.

"ಸಂಕಟದ ಹೊತ್ತಲ್ಲಿ ಪರೀಕ್ಷೆ ಉಳಿಸಿದೀರಿ. ಫಲಿತಾಂಶ ಊರ್ಜಿತ. ವರದೀಲಿ ಓದಿದವರ ಹೆಸರು ಬರೆದು ಸನ್ಮಾನಕ್ಕೆ ಶಿಫಾರಸು ಮಾಡ್ತೀನಿ. ಯಾರು ಅವರು?"

ಕುವಾಂಗ್, "ಅಯ್ಯೋ, ಎಲ್ಲರೂ ಸೇರಿ ಮಾಡಿದ್ದು ಬಿಡಿ ಸಾರ್, ಹೆಸರೆಲ್ಲ ಯಾಕೆ" ಎಂದು ಅವಸರ ಅವಸರವಾಗಿ ಹೇಳುವಷ್ಟರಲ್ಲಿ ಗೆಂಗ್ ಮುಂದೆ ಬಂದಾಗಿತ್ತು. ಅವನ ಕೈಯಲ್ಲಿ ಕಚೇರಿಯಿಂದ ಈಗಷ್ಟೇ ಇಸಿದುಕೊಂಡ ಅಂಕಪಟ್ಟಿ. ಅದರ ಮೊದಲ ಸಾಲು ನೋಡಿದಾಗಿನಿಂದ ಅವನ ಕಾಲು ನೆಲ ಮುಟ್ಟಿರಲಿಲ್ಲ.

"ನಾನೇ ಸಾರ್. ಗೆಂಗ್ ಬಾವ್‌ಷಾನ್. ಆರು ವರ್ಷ ಜಾಂಬಿಯಾ."

"ಭೇಷ್! ಇಂಥ ಪ್ರತಿಭೆ ಬಾಯ್ಲರ್ ಕೋಣೇಲಿ!"

ಕುವಾಂಗ್ ಕೆಮ್ಮಿದರು.

"ನನ್ನದೇನು ಸಾರ್, ರಕ್ತದಲ್ಲೇ ಬಂದಿದೆ" ಎಂದ ಗೆಂಗ್.

ಕುವಾಂಗ್ ಇನ್ನೂ ಜೋರಾಗಿ ಕೆಮ್ಮಿ ಗೆಂಗನ ಕಾಲು ತುಳಿದರು. ಗೆಂಗ್ ಅಕ್ಕರೆಯಿಂದ ತಿರುಗಿ, "ಗಂಟಲು ಒಣಗಿದೆ ಸಾರ್ ನಿಮಗೆ, ಬಿಸಿನೀರು ಕೊಡ್ಲಾ?" ಎಂದು ಕೇಳಿ, ಮತ್ತೆ ಲೂ ಅವರ ಕಡೆ ತಿರುಗಿ ಪಟ್ಟಿ ಬಿಡಿಸಿದ.

"ಇಲ್ಲಿ ನೋಡಿ. ಇಡೀ ತಾಲೂಕಲ್ಲಿ ಮೂವತ್ತಕ್ಕೆ ಮೂವತ್ತು ಒಬ್ಬನೇ ಒಬ್ಬ. ಗೆಂಗ್ ಷುವೊ. ನನ್ನ ಮಗ ಸಾರ್! ತೊಟ್ಟಿಲಲ್ಲಿದ್ದಾಗಿಂದ ಫೋನಲ್ಲಿ ನನ್ನ ಇಂಗ್ಲಿಷ್ ಕೇಳ್ಕೊಂಡು ಬೆಳೆದವನು."

ಲೂ ಅವರ ನಗು, ಸ್ವಿಚ್ ಆರಿಸಿದ ದೀಪದಂತೆ ಹೋಯಿತು. "ನಿಮ್ಮ... ಮಗ?"

"ಒಬ್ಬನೇ ಮಗ!"

"ಈ ಪರೀಕ್ಷೇಲಿ ಕೂತಿದ್ದ?"

"ಮೂರನೇ ಮಹಡೀಲಿ, ಕಿಟಕಿ ಪಕ್ಕ!"

ಲೂ ನಿಯಮಾವಳಿಯನ್ನು ಮತ್ತೆ ತೆರೆದರು. ಈ ಸಲ ಹುಡುಕಬೇಕಾಗಲಿಲ್ಲ. ಪುಸ್ತಕ ಆ ಪುಟದಲ್ಲೇ ತೆರೆದುಕೊಳ್ಳುವ ಅಭ್ಯಾಸದ್ದು. "ಪರೀಕ್ಷಾರ್ಥಿಯ ತಂದೆ, ತಾಯಿ ಅಥವಾ ಸಮೀಪದ ಬಂಧು ಪರೀಕ್ಷೆಯ ಕೆಲಸದಲ್ಲಿ ಭಾಗವಹಿಸಕೂಡದು. ಭಾಗವಹಿಸಿದ್ದಲ್ಲಿ ಆ ಪರೀಕ್ಷಾರ್ಥಿಯ ಸಂಬಂಧಪಟ್ಟ ಭಾಗದ ಅಂಕ ಸೊನ್ನೆ." ತಲೆಯೆತ್ತಿದರು. "ಬೇರೆ ಮಕ್ಕಳದ್ದು ಊರ್ಜಿತ. ನಿಮ್ಮ ಮಗನದ್ದು ಮಾತ್ರ ರದ್ದು. ಪರೀಕ್ಷೆಗೆ ಮುಂಚೇನೇ ಹಾಳೆ ನಿಮ್ಮ ಕೈಲಿತ್ತಲ್ಲಪ್ಪಾ."

ಕುವಾಂಗ್ ಕೆಮ್ಮುವುದನ್ನು ನಿಲ್ಲಿಸಿ ಸೂರು ನೋಡತೊಡಗಿದರು. ಮೂವತ್ತರಲ್ಲಿ ಮೂವತ್ತು ಕಳೆದರೆ ಎಷ್ಟೆಂದು ಲೆಕ್ಕ ಹಾಕಲು ಗೆಂಗನಿಗೆ ಸ್ವಲ್ಪ ಹೊತ್ತು ಹಿಡಿಯಿತು. ವೆನ್ ಮೇಷ್ಟ್ರ ತರಗತಿಯ ನಲವತ್ತು ಕುರ್ಚಿಗಳಲ್ಲಿ ಒಂದು, ಕಾಲು ಬಂದಂತೆ ಎದ್ದು ಹೊರಗೆ ನಡೆಯುವುದು ಅವನ ಕಣ್ಣಿಗೆ ಕಟ್ಟಿತು. ಆದರೆ ಜಾಂಬಿಯಾದ ಪೊಲೀಸರಿಂದಲೂ ಮಾತಿನಲ್ಲೇ ಬಿಡಿಸಿಕೊಂಡು ಬಂದ ಬಾಯಿ ಅದು. ಧೈರ್ಯ ತಂದುಕೊಂಡ.

"ಸಾರ್, ಮಗ ಅಂದ್ರೆ... ಮಗ ಅಲ್ಲ. ಪ್ರೀತಿಗೆ ಅಂದಿದ್ದು. ನಮ್ಮೂರಲ್ಲಿ ಎಲ್ಲರನ್ನೂ ಹಾಗೇ ಅಂತೀವಿ. ಊರು ತುಂಬ ಗೆಂಗ್‌ಗಳೇ ಸಾರ್, ಕಲ್ಲೆಸೆದ್ರೆ ಒಬ್ಬ ಗೆಂಗ್‌ಗೆ ಬೀಳುತ್ತೆ. ಆ ಹುಡುಗ ಯಾರೋ ಏನೋ, ನಾನು ಮುಖ ನೋಡಿದ್ರೆ ಗುರುತು ಹಿಡಿಯಲ್ಲ!"

"ಹೌದಾ?" ಲೂ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅನುಮಾನವಿತ್ತು, ಆದರೆ ಜೀಪಿನ ದಾರಿ ದೂರವಿತ್ತು, ಹಸಿವೂ ಆಗಿತ್ತು. "ಬರವಣಿಗೇಲಿ ಕೊಡ್ತೀರಾ?"

"ಈಗಲೇ ಕೊಡ್ತೀನಿ ಸಾರ್. ನನಗೆ ಮಕ್ಕಳೇ ಇಲ್ಲ!"

ಕುವಾಂಗ್ ಓಡಿಹೋಗಿ ಕಾಗದ ತಂದರು. ಗೆಂಗ್ ಗೋಡೆಗೆ ಕಾಗದ ಒತ್ತಿ ಹಿಡಿದು ತನ್ನ ಹೆಸರು ಬರೆದ. ಇನ್ನೇನು ಎರಡನೇ ಸಾಲು ಬರೆಯಬೇಕು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮೂರು ವರ್ಷ ಅದೇ ಶಾಲೆಯಲ್ಲಿ ಓದಿದರೂ ಷುವೊ ಗೆಳೆಯರ ಎದುರು ಬಾಯ್ಲರ್ ಕೋಣೆಯತ್ತ ಒಂದು ದಿನ ತಲೆಯೆತ್ತಿ ನೋಡಿದವನಲ್ಲ. ನೀರು ಬೇಕಾದರೆ ಬೇರೆ ಹುಡುಗನ ಕೈಯಲ್ಲಿ ಫ್ಲಾಸ್ಕ್ ಕಳಿಸುತ್ತಿದ್ದ. ಎದುರಾದರೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗುತ್ತಿದ್ದ. ಗೆಂಗ್ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಈಗ ಆ ಹುಡುಗ ಅರ್ಧ ತರಗತಿಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೆಂಪು ಮುಖ ಮಾಡಿಕೊಂಡು, ಕಾರಿಡಾರಿನ ಆ ತುದಿಯಿಂದಲೇ ಇಡೀ ಶಾಲೆಗೆ ಕೇಳುವಂತೆ ಕೂಗಿದ:

"ಅಪ್ಪಾ! ಅಪ್ಪಾ! ಮೂವತ್ತಕ್ಕೆ ಮೂವತ್ತು! ಎಲ್ಲಾ ನಿನ್ನಿಂದಲೇ ಅಪ್ಪಾ!"

ಸುಮ್ಮನಿರಬೇಕು ಎಂದು ಗೆಂಗನ ತಲೆ ಹೇಳಿತು. ಯಾರನ್ನೋ ಕರೆಯುತ್ತಿದ್ದಾನೆ ಎನ್ನುವಂತೆ ಹಿಂದೆ ತಿರುಗಿ ನೋಡು ಎಂದೂ ಹೇಳಿತು. ಆದರೆ ಮೂರು ವರ್ಷ ಕಾದಿದ್ದ ಬಾಯಿ ತಲೆಯ ಮಾತು ಕೇಳಲಿಲ್ಲ.

"ಏನೋ ಮಗನೇ!" ಎಂದುಬಿಟ್ಟ.

ಲೂ ಪೆನ್ನಿನ ಮುಚ್ಚಳ ತೆಗೆದರು.